ಅಪ್‌ಡೇಟ್: ಎರಡು ಕೋಡ್ ಬೇಕಿರಲಿಲ್ಲ, ಒಂದೇ ಸಾಕಾಗಿತ್ತು

ಕಲಬುರಗಿಯಲ್ಲಿ ಕುಳಿತು ಅಮೆರಿಕದ ವೈದ್ಯಕೀಯ ಬಿಲ್‌ಗಳಿಗೆ ಕೋಡ್ (ಪ್ರತಿ ಸೇವೆಗೂ ಇರುವ ಸಂಖ್ಯೆ) ಹಾಕುವ ನಾನು ಕೇಳಿದ್ದ ಪ್ರಶ್ನೆ ಇದು: ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಇರುವ ಒಬ್ಬ ರೋಗಿಗೆ ಒಂದೇ ಅರಿವಳಿಕೆಯಲ್ಲಿ ಎಂಡೋಸ್ಕೋಪಿ (ಬಾಯಿಯ ಮೂಲಕ ಕೊಳವೆ ಇಳಿಸಿ ಜಠರ ನೋಡುವುದು), ಕೊಲೊನೊಸ್ಕೋಪಿ (ಹಾಗೆಯೇ ದೊಡ್ಡ ಕರುಳು ನೋಡುವುದು) ಎರಡೂ ಆಗಿವೆ, ಇವೆರಡರ ಅರಿವಳಿಕೆ ಕೋಡ್ 00731 ಮತ್ತು 00811 ಎರಡನ್ನೂ ಹಾಕಿದ ಕ್ಲೇಮ್ ತಿರಸ್ಕೃತವಾಗಿದೆ, ಏಕೆ?

ಉತ್ತರಿಸಿದವರ ಮಾತೇ ನಿಜವಾಯಿತು. ಎರಡೂ ಸೇರಿದಾಗ 00813 ಒಂದೇ ಕೋಡ್. 2018ರಲ್ಲಿ ಹಳೆಯ 00810 ರದ್ದಾದಾಗ ಬಂದ ಕೋಡ್‌ಗಳಲ್ಲಿ ಇದೂ ಒಂದು. ನನ್ನ ಮೇಜಿನ ಕೋಡ್ ಹಾಳೆಯಲ್ಲಿ ಮಾತ್ರ ಅದು ಇರಲಿಲ್ಲ!

ಇನ್ನೊಂದು ತಪ್ಪು ಆಗ ಸಿಕ್ಕಿತು, ಅದು ಪೂರ್ತಿ ನನ್ನದೇ. ಸ್ಕೋಪ್ ಒಳಹೋಗಿ ಹೊರಬಂದ 26 ನಿಮಿಷವನ್ನಷ್ಟೇ ಬರೆದಿದ್ದೆ. ಅರಿವಳಿಕೆಯ ಸಮಯ ರೋಗಿಯನ್ನು ಸಿದ್ಧಗೊಳಿಸುವಾಗಲೇ ಶುರುವಾಗಿ, ಚೇತರಿಕೆ ಕೊಠಡಿಯ ಸಿಬ್ಬಂದಿಗೆ ಸುರಕ್ಷಿತವಾಗಿ ಒಪ್ಪಿಸುವವರೆಗೂ ಓಡುತ್ತದೆ. ದಾಖಲೆಯಲ್ಲಿದ್ದದ್ದು 38 ನಿಮಿಷ. ಹಣ ಲೆಕ್ಕ ಹಾಕುವುದು ಯೂನಿಟ್‌ಗಳಲ್ಲಿ: 15 ನಿಮಿಷಕ್ಕೊಂದು ಯೂನಿಟ್‌ನಂತೆ 2.5, ಈ ಕೋಡ್‌ಗೆ ನಿಗದಿಯಾದ ಮೂಲ ಯೂನಿಟ್ 5 ಸೇರಿ 7.5.

99152 ಹಾಕಿ ಎಂದವರಿಗೆ: ಅದು ಚಿಕಿತ್ಸೆ ಮಾಡುವ ವೈದ್ಯರೇ ಮಿತ ಮಂಪರು ಕೊಟ್ಟಾಗ ಹಾಕುವ ಕೋಡ್. ಇಲ್ಲಿ ಪ್ರತ್ಯೇಕ ಅರಿವಳಿಕೆ ತಜ್ಞರಿದ್ದರು.

ತಿದ್ದಿದ ಕ್ಲೇಮ್ ಕಳೆದ ವಾರ ಪಾಸಾಯಿತು. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲೂ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು, ಅರಿವಳಿಕೆ ಇಲ್ಲದೆಯೇ.