ಹಸಿದ ಗೊರೊನ ದ್ವೀಪಯಾತ್ರೆ

ಕೋಟು ತೊಟ್ಟ ಎತ್ತರದ ಮನುಷ್ಯನೊಬ್ಬ ಒಂಟಿಯಾಗಿ ಕುಳಿತು, ಯಾರೊಡನೆಯೂ ಹರಟದೆ ಎರಡಾಳಿನ ಊಟವನ್ನು ಒಬ್ಬನೇ ಮುಗಿಸುವುದನ್ನು ನೋಡುವುದರಲ್ಲಿ ಅದಾವ ಸುಖವಿದೆ ಎಂಬುದು ನಾಗೇಶನ ಆಕ್ಷೇಪವಾಗಿತ್ತು. ಶ್ರೀಪತಿ ರಾಯರು ಇದಕ್ಕೆ ಗಾದೆಯಿಂದಲೇ ಉತ್ತರ ಕೊಟ್ಟರು. “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದಿದ್ದಾರೆ ಹಿರಿಯರು. ಈತ ಊಟವನ್ನು ಬಲ್ಲ. ಮಾತನ್ನಂತೂ ಮನಸ್ಸಿನೊಳಗೇ ಆಡಿಕೊಳ್ಳುತ್ತಾನೆ. ಹಾಗಾಗಿ ಆತನಿಗೆ ಎರಡೂ ಕಡೆ ಕ್ಷೇಮ. ನಿನಗಾದರೋ ಎರಡೂ ಕಡೆ ಅಪಾಯ.”

ಚರ್ಚೆಗೆ ಬಂದದ್ದು ‘ಕೊದೊಕು ನೊ ಗುರುಮೆ’ ಎಂಬ ಜಪಾನಿ ಧಾರಾವಾಹಿ. ಕುಸುಮಿ ಮಸಯುಕಿ ಕಥೆ ಬರೆದು ತಾನಿಗುಚಿ ಜಿರೊ ಚಿತ್ರ ಬಿಡಿಸಿದ, 1994ರಲ್ಲಿ ಆರಂಭವಾದ ಚಿತ್ರಕಥೆಯೊಂದನ್ನು ಟಿವಿ ಟೋಕಿಯೊ ವಾಹಿನಿಯು 2012ರಲ್ಲಿ ತೆರೆಗೆ ತಂದಿತು. ವಿದೇಶದ ಸಾಮಾನುಗಳನ್ನು ತರಿಸಿ ಮಾರುವ ಇನೊಗಾಶಿರ ಗೊರೊ ಎಂಬ ವ್ಯಾಪಾರಿಯಾಗಿ ಮತ್ಸುಶಿಗೆ ಯುತಾಕ ನಟಿಸಿದ್ದಾರೆ. ಪ್ರತಿ ಕಂತಿನಲ್ಲಿಯೂ ಗಿರಾಕಿಯ ಕೆಲಸ ಮುಗಿದೊಡನೆ ಗೊರೊ ಬೀದಿಯ ನಡುವೆ ಥಟ್ಟನೆ ನಿಲ್ಲುತ್ತಾನೆ. ಕ್ಯಾಮೆರಾ ಮೂರು ನೆಗೆತದಲ್ಲಿ ಹಿಂದೆ ಸರಿಯುತ್ತದೆ. ಅಷ್ಟೆತ್ತರದ ಮನುಷ್ಯ ಕಟ್ಟಡಗಳ ನಡುವೆ ಕಡ್ಡಿಯಷ್ಟಾಗಿ, ‘ಹಸಿವಾಯಿತು’ ಎಂದುಕೊಳ್ಳುತ್ತಾನೆ. ಆಮೇಲೆ ನಡೆಯುವುದೆಲ್ಲ ಊಟವೇ. ಹೋಟೆಲುಗಳು ನಿಜವಾದವು, ತಿನಿಸುಗಳೂ ನಿಜವಾದವು. ಇಂಥದ್ದನ್ನು ಮಧ್ಯರಾತ್ರಿಯ ವೇಳೆಗೆ, ಅಡುಗೆಮನೆಯ ದೀಪ ಆರಿದ ಮೇಲೆ ಪ್ರಸಾರ ಮಾಡಿದ್ದು ಜನರ ಹೊಟ್ಟೆಯ ಮೇಲೆ ನಡೆಸಿದ ದೌರ್ಜನ್ಯವೆಂದೇ ನನ್ನ ಅಭಿಪ್ರಾಯ.

ಯೊಕೊಹಾಮಾದಲ್ಲಿ ಕೆಲವು ವರ್ಷ ಸಂಸಾರ ಹೂಡಿ ಹಿಂದಿರುಗಿರುವ ಸುಮಿತ್ರಾ ನಮ್ಮ ಗುಂಪಿಗೆ ಈ ವಿಷಯದಲ್ಲಿ ಗುರುಸ್ಥಾನದವರು. ಗೊರೊ ಪಟ್ಟಣ ಬಿಟ್ಟು ದ್ವೀಪಕ್ಕೆ ಹೋದಾಗಲೇ ಧಾರಾವಾಹಿಗೆ ಕಳೆ ಕಟ್ಟುತ್ತದೆ ಎಂಬುದು ಅವರ ವಾದ. 2014ರ ನಾಲ್ಕನೆಯ ಸರಣಿಯಲ್ಲಿ ಆತ ಐಚಿ ಪ್ರಾಂತದ ಹಿಮಕಾಜಿಮ ಎಂಬ ಪುಟ್ಟ ದ್ವೀಪಕ್ಕೆ ದೋಣಿಯಲ್ಲಿ ಹೋಗುತ್ತಾನೆ. ಅದು ಆಕ್ಟೋಪಸ್ ಮತ್ತು ವಿಷಮೀನೆಂದು ಹೆಸರಾದ ಫುಗುವಿನ ಊರು. ಸಮುದ್ರದಲ್ಲಿ ಮುಳುಗಿದ್ದ ಬುದ್ಧನ ಮೂರ್ತಿಯನ್ನು ಆಕ್ಟೋಪಸ್ ಒಂದು ತಬ್ಬಿಕೊಂಡೇ ಮೇಲೆ ಬಂದಿತೆಂಬ ಐತಿಹ್ಯ ಅಲ್ಲಿನ ದೇವಾಲಯದಲ್ಲಿದೆ. ದ್ವೀಪದ ಪೊಲೀಸ್ ಚೌಕಿಯನ್ನು ಸಹ ಆಕ್ಟೋಪಸ್ಸಿನ ಮುಖದ ಆಕಾರದಲ್ಲಿ ಕಟ್ಟಿದ್ದಾರೆ.

“ದೇವರನ್ನು ಕಾಪಾಡಿದ ಪ್ರಾಣಿಯನ್ನೇ ಕುದಿಸಿ ತಿನ್ನುತ್ತಾರೆಯೇ?” ಎಂದು ರಾಯರು ಹೌಹಾರಿದರು.

“ತಿಂದ ಮೇಲೆ ದೂರು ಕೊಡಲು ಹೋದರೆ ಚೌಕಿಯಲ್ಲಿಯೂ ಅದೇ ಮುಖ ಎದುರಾಗುತ್ತದೆ,” ಎಂದು ನಾಗೇಶ ಸೇರಿಸಿದ.

ನಾಗೇಶ ಕುಮಟಾದವನು. ಮೀನಿನ ವಿಷಯ ಬಂದರೆ ಸಮುದ್ರವೇ ತನ್ನ ಹಿತ್ತಿಲಿನಲ್ಲಿದೆ ಎಂಬಂತೆ ಮಾತನಾಡುತ್ತಾನೆ. ತಾನು ಮೂಗು ಮುಚ್ಚಿಕೊಳ್ಳಬೇಕಾದ ಮೀನು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲವೆಂದು ಆತ ಎದೆ ತಟ್ಟಿಕೊಂಡಾಗ, ಸುಮಿತ್ರಾ ನಿಧಾನವಾಗಿ ಕುಸಾಯಾ ಎಂಬ ಒಣಮೀನಿನ ಪುರಾಣವನ್ನು ಬಿಚ್ಚಿದರು.

ಟೋಕಿಯೊದ ದಕ್ಷಿಣಕ್ಕೆ ಚದುರಿರುವ ಇಜು ದ್ವೀಪಗಳು ಆಡಳಿತದ ಲೆಕ್ಕದಲ್ಲಿ ಟೋಕಿಯೊಗೇ ಸೇರಿವೆ. ಅವುಗಳಲ್ಲೊಂದಾದ ನೀಜಿಮಾದಲ್ಲಿ ಹಿಂದೆ ಜನರು ಸಮುದ್ರದ ನೀರಿನಿಂದ ಉಪ್ಪು ತೆಗೆದು, ಅದನ್ನೇ ಕಂದಾಯವಾಗಿ ಆಗ ಜಪಾನನ್ನು ಆಳುತ್ತಿದ್ದ ಷೋಗುನರೆಂಬ ಸೇನಾಧಿಪತಿಗಳ ಸರಕಾರಕ್ಕೆ ತೆರಬೇಕಾಗಿತ್ತು. ಸುತ್ತಲೂ ಉಪ್ಪುನೀರಿದ್ದರೂ ಮನೆಯಲ್ಲಿ ಚಿಟಿಕೆ ಉಪ್ಪಿಗೆ ತತ್ವಾರ! ಮೀನನ್ನು ಒಣಗಿಸುವ ಮೊದಲು ಅದ್ದಿಡುವ ಉಪ್ಪುನೀರನ್ನು ಚೆಲ್ಲಲು ಯಾರಿಗೆ ಮನಸ್ಸು ಬಂದೀತು? ಇಂದು ಅದ್ದಿದ ನೀರಿನಲ್ಲಿಯೇ ನಾಳೆಯೂ ಅದ್ದಿದರು, ಮುಂದಿನ ವರ್ಷವೂ ಅದ್ದಿದರು, ಮೊಮ್ಮಕ್ಕಳೂ ಅದ್ದಿದರು. ಮೀನಿನ ಸಾರವೆಲ್ಲ ಇಳಿದು, ಕಣ್ಣಿಗೆ ಕಾಣದ ಜೀವಿಗಳು ನೆಲೆಸಿ, ಆ ನೀರು ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಯಿತು. ವಿಚಿತ್ರವೆಂದರೆ, ಮೀನನ್ನು ಕೆಡಿಸುವ ಸೂಕ್ಷ್ಮಾಣುಗಳನ್ನು ಆ ನೀರೇ ತಡೆಯುತ್ತದೆ; ಹಾಗಾಗಿ ಸಾಧಾರಣ ಒಣಮೀನಿಗಿಂತ ಕಡಿಮೆ ಉಪ್ಪಿದ್ದರೂ ಕುಸಾಯಾ ಬಹುಕಾಲ ಕೆಡುವುದಿಲ್ಲ. ತಲೆಮಾರುಗಳ ಹಿಂದಿನ ಆ ನೀರನ್ನು ಈಗಲೂ ಮನೆತನದ ಆಸ್ತಿಯಂತೆ ಕಾಪಾಡುವವರಿದ್ದಾರೆ. ಹಿಂದೆ ಮದುವೆಯಾದ ಮಗಳ ಜೊತೆಗೂ ಅದನ್ನು ಕಳುಹಿಸುತ್ತಿದ್ದರಂತೆ.

“ಅಂದರೆ ನಮ್ಮ ಮನೆಯ ಹೆಪ್ಪಿದ್ದಂತೆ,” ಎಂದರು ರಾಯರು, ಸಸ್ಯಾಹಾರದ ಗಡಿಯೊಳಗೆ ವಿಷಯವನ್ನು ಎಳೆದುಕೊಳ್ಳುತ್ತ.

“ಹೆಪ್ಪೇ ಸರಿ ರಾಯರೇ, ಆದರೆ ಅದನ್ನು ಒಲೆಯ ಮೇಲೆ ಸುಟ್ಟರೆ ಅಕ್ಕಪಕ್ಕದವರು ಚರಂಡಿಯವರಿಗೆ ಫೋನು ಮಾಡುತ್ತಾರೆ,” ಎಂದರು ಸುಮಿತ್ರಾ. ಸೀಳಿದ ಬಂಗುಡೆಯಂಥ ಮೀನನ್ನು ಆ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ತೊಳೆದು, ಒಣಗಿಸಿರುತ್ತಾರೆ. ಕೆಂಡದ ಮೇಲಿಟ್ಟಾಗ ಏಳುವ ವಾಸನೆಯನ್ನು ಅವರು ಸವಿಸ್ತಾರವಾಗಿ ವರ್ಣಿಸಿದರು. ಆ ವರ್ಣನೆ ಸಭಾಮರ್ಯಾದೆಯನ್ನು ಮೀರಿದ್ದರಿಂದ ಇಲ್ಲಿ ಕೊಡುತ್ತಿಲ್ಲ. ಮೂಗನ್ನು ದಾಟಿ ನಾಲಗೆಗೆ ತಲುಪಿದರೆ ರುಚಿ ಬಹಳ ಸೌಮ್ಯ, ಆಳವಾದದ್ದು ಎಂದೂ ಒಪ್ಪಿಕೊಂಡರು. ನಾಗೇಶ ಮಾತ್ರ, ತಾನು ಹೇಳಿದ್ದು ಅರಬ್ಬೀ ಸಮುದ್ರದ ಮೀನುಗಳಿಗೆ ಮಾತ್ರ ಅನ್ವಯಿಸುತ್ತದೆ ಎಂದು ತಿದ್ದುಪಡಿ ತಂದ.

ಕುಸಾಯಾಕ್ಕೆ ಶೋಚು ಎಂಬ ಭಟ್ಟಿ ಸಾರಾಯಿಯೇ ಜೋಡಿಯೆಂದು ದ್ವೀಪದವರ ನಂಬಿಕೆ. ಗೊರೊ ಮಾತ್ರ ಹನಿ ಮದ್ಯವನ್ನೂ ಮುಟ್ಟದವನು. ಸಾರಾಯಿ ಅಂಗಡಿಯಲ್ಲಿ ಕುಳಿತರೂ ಊಲಾಂಗ್ ಚಹಾ ತರಿಸಿಕೊಂಡು ಅನ್ನ ಕೇಳುವ ಆಸಾಮಿ. ಈ ಕೊರತೆಯನ್ನು ಕಥೆಗಾರ ಕುಸುಮಿ ಸ್ವತಃ ನೀಗಿಸುತ್ತಾರೆ: ಕಂತಿನ ಕೊನೆಗೆ ಅದೇ ಹೋಟೆಲಿಗೆ ಹೋಗಿ, ಪಾತ್ರ ಕುಡಿಯದೆ ಉಳಿಸಿದ್ದನ್ನು ಲೇಖಕ ಕುಡಿದು ಲೆಕ್ಕ ಚುಕ್ತಾ ಮಾಡುತ್ತಾರೆ. ಸಾಹಿತ್ಯದಲ್ಲಿ ಇಷ್ಟು ಜವಾಬ್ದಾರಿಯುತ ಲೇಖಕರು ವಿರಳ.

ಮಾತು ಇನ್ನೂ ದಕ್ಷಿಣದ ಹಚಿಜೊಜಿಮಕ್ಕೆ ಸರಿಯಿತು. ಟೋಕಿಯೊದಿಂದ ಸುಮಾರು 287 ಕಿಲೋಮೀಟರ್ ದೂರದ ಆ ದ್ವೀಪದಲ್ಲಿ ಮೀನಿನ ಹೋಳನ್ನು ಸೋಯಾ ರಸದಲ್ಲಿ ನೆನೆಸಿ, ಸಿಹಿ ಬೆರೆತ ಅನ್ನದ ಮೇಲಿಟ್ಟು ಸುಶಿ ಮಾಡುತ್ತಾರೆ. ಸುಶಿಗೆ ಸವರುವ ವಸಾಬಿ ಎಂಬ ಖಾರದ ಗೆಡ್ಡೆ ಸಿಗದ ಊರಾದ್ದರಿಂದ ಹಳದಿ ಸಾಸಿವೆಯ ಮುದ್ದೆಯನ್ನು ಸವರುತ್ತಾರೆ. ಹಿಂದೆ ಇದು ಗಡೀಪಾರಾದವರ ದ್ವೀಪ. 1600ರ ಸೆಕಿಗಾಹರ ಯುದ್ಧದಲ್ಲಿ ಸೋತ ಪಕ್ಷದ ದೊರೆ ಉಕಿತಾ ಹಿದೆಇಯೆಯನ್ನು 1606ರಲ್ಲಿ ಇಲ್ಲಿಗೆ ಅಟ್ಟಿದರು. ಆತನನ್ನು ಸೋಲಿಸಿದವನೂ ಅವನ ಪಟ್ಟವೇರಿದ ಮಗನೂ ಸತ್ತರು. ಈತ ಮಾತ್ರ 1655ರವರೆಗೂ ಬದುಕಿದ. ಅಕ್ಕಿಗೆ ಬರವಿದ್ದ ಆ ದ್ವೀಪಕ್ಕೆ ಆತನ ಪತ್ನಿಯ ತವರಾದ ಮಾಯೆದ ಮನೆತನದವರು ಅಕ್ಕಿ ಕಳುಹಿಸುತ್ತಿದ್ದರು, ಆತನ ಕಾಲಾನಂತರವೂ ಆತನ ವಂಶದವರಿಗೆ ಕಳುಹಿಸುತ್ತಲೇ ಇದ್ದರು.

ರಾಯರು ಈ ಭಾಗವನ್ನು ಮತ್ತೊಮ್ಮೆ ಹೇಳಿಸಿಕೊಂಡರು. “ಅಳಿಯ ಯುದ್ಧ ಸೋತು, ರಾಜ್ಯ ಕಳೆದುಕೊಂಡು, ಗಡೀಪಾರಾದ ಮೇಲೂ ಮಾವನ ಮನೆಯಿಂದ ಅಕ್ಕಿಯೇ? ನಾನು ನಿವೃತ್ತನಾದ ವರ್ಷವೇ ನನಗೆ ಬರುತ್ತಿದ್ದ ಮಾವಿನಹಣ್ಣಿನ ಬುಟ್ಟಿ ನಿಂತುಹೋಯಿತು.”

ಉಪ್ಪಿಲ್ಲದ್ದಕ್ಕೆ ಕುಸಾಯಾ, ವಸಾಬಿಯಿಲ್ಲದ್ದಕ್ಕೆ ಸಾಸಿವೆ. ನೈಋತ್ಯ ತುದಿಯ ಓಕಿನಾವಾದಲ್ಲಿ ಕೊಂಬು ಎಂಬ ಕಡಲಕಳೆ ಬೆಳೆಯುವುದೇ ಇಲ್ಲ. ಉತ್ತರದ ಹೊಕ್ಕೈದೊವಿನಿಂದ ಚೀನಾಕ್ಕೆ ಸಾಗುತ್ತಿದ್ದ ಸರಕು ದಾರಿಯಲ್ಲಿ ಇಳಿದು ಅಲ್ಲಿನ ಹಂದಿಮಾಂಸದ ಪಾತ್ರೆ ಸೇರಿತು. 1945ರಿಂದ 1972ರವರೆಗೆ ಅಮೆರಿಕದ ಆಳ್ವಿಕೆಯಿದ್ದುದರಿಂದ ಡಬ್ಬಿಯ ಮಾಂಸ ಹಾಗಲಕಾಯಿಯ ಪಲ್ಯದೊಳಗೆ ನುಸುಳಿತು. ಸೈನಿಕರ ನೆಲೆಯಿರುವ ಕಿನ್ ಪಟ್ಟಣದಲ್ಲಿ 1984ರ ಸುಮಾರಿಗೆ ಮೆಕ್ಸಿಕೊದ ಟಾಕೊ ರೊಟ್ಟಿಯನ್ನು ಬಿಟ್ಟು ಅದರೊಳಗಿನ ಹೂರಣವನ್ನಷ್ಟೇ ಅನ್ನದ ಮೇಲೆ ಸುರಿದರು. ಇವನ್ನೆಲ್ಲ ಕೇಳಿದ ನಾಗೇಶ, ಇಂಥ ಇತಿಹಾಸವನ್ನು ಗೊರೊ ಒಂದೆರಡು ವಾಕ್ಯಗಳಲ್ಲಾದರೂ ಹೇಳಬಾರದೇಕೆ ಎಂದು ಮತ್ತೆ ತಗಾದೆ ತೆಗೆದ. ನನಗಾದರೋ ಆತ ಹೇಳದಿರುವುದೇ ಇಷ್ಟ. ಪರಂಪರೆ, ಅಸ್ಮಿತೆ ಎಂದು ಭಾಷಣ ಬಿಗಿಯುವ ನಿರೂಪಕರ ಬಾಯಿಯಲ್ಲಿ ತುತ್ತು ಅರ್ಧಕ್ಕೇ ನಿಂತಿರುತ್ತದೆ. ಗೊರೊಗೆ ದ್ವೀಪದ ಊಟವೆಂದರೆ ದ್ವೀಪದವರಿಗೆ ಇರುವಂತೆಯೇ ಬರಿಯ ಊಟ. ಬಿಸಿಯಿದೆ, ಎದುರಿಗಿದೆ, ಹಸಿವಿದೆ.

“ಹಾಗಾದರೆ ಆತನಿಗೆ ಊಟವೊಂದೇ ಸಾಹಸವೋ?” ಎಂದ ನಾಗೇಶ. ಸುಮಿತ್ರಾ ಇದಕ್ಕೆ 2025ರ ಜನವರಿಯಲ್ಲಿ ತೆರೆಕಂಡ ಚಲನಚಿತ್ರವನ್ನು ಮುಂದಿಟ್ಟರು. ಮತ್ಸುಶಿಗೆಯವರೇ ನಿರ್ದೇಶಿಸಿದ ಅದರಲ್ಲಿ, ಪ್ಯಾರಿಸ್ಸಿನ ವೃದ್ಧರೊಬ್ಬರು ತಮ್ಮ ಬಾಲ್ಯದ ಸಾರಿನ ರುಚಿಯನ್ನು ಹುಡುಕಿಕೊಡೆಂದು ಕೇಳಿದ್ದಕ್ಕೆ ಗೊರೊ ನಾಗಸಾಕಿಯ ಗೊತೊ ದ್ವೀಪಗಳಿಗೆ ಹೋಗುತ್ತಾನೆ. ಪಕ್ಕದ ದ್ವೀಪಕ್ಕೆ ಹಲಗೆಯ ಮೇಲೆ ನಿಂತು ಹುಟ್ಟು ಹಾಕುತ್ತ ಹೊರಟು, ಬಿರುಗಾಳಿಗೆ ಸಿಕ್ಕಿ, ಕೊರಿಯಾದ ದ್ವೀಪಕ್ಕೆ ತೇಲಿಹೋಗುತ್ತಾನೆ. ಸಾರಿನ ಸಾಮಗ್ರಿಗಾಗಿ ಹೊರಟವನು ದೇಶವನ್ನೇ ದಾಟಿದ ಪ್ರಸಂಗವನ್ನು ಕೇಳಿ, ಕೊತ್ತಂಬರಿ ಸೊಪ್ಪು ತರಲು ಮೂಲೆಯ ಅಂಗಡಿಗೂ ಹೋಗಲೊಪ್ಪದ ನಾಗೇಶ ತಲೆ ತಗ್ಗಿಸಿದ.

ಗೊತೊದ ಉದೊನ್ ಶ್ಯಾವಿಗೆಯ ವಿವರ ರಾಯರಿಗೆ ಬಹಳ ಹಿಡಿಸಿತು. ಹಿಟ್ಟನ್ನು ಕೆಮೆಲಿಯಾ ಬೀಜದ ಎಣ್ಣೆ ಸವರಿ ಎಳೆಯೆಳೆಯಾಗಿ ಹಿಗ್ಗಿಸಿ ಒಣಗಿಸುತ್ತಾರೆ. ಕುದಿಯುವ ಪಾತ್ರೆಯನ್ನೇ ನಡುವೆ ಇಟ್ಟುಕೊಂಡು, ಅದರಿಂದ ನೇರವಾಗಿ ಎತ್ತಿ, ರಸದಲ್ಲಿ ಅದ್ದಿ ಉಣ್ಣುತ್ತಾರೆ. ಎಣ್ಣೆಯೂ ಸಸ್ಯದ್ದು, ಹಿಟ್ಟೂ ಗೋಧಿಯದು ಎಂದು ಅವರು ಹಿಗ್ಗುತ್ತಿರುವಾಗಲೇ, ಆ ರಸವನ್ನು ಹಾರುಮೀನಿನಿಂದ ಕಾಯಿಸುತ್ತಾರೆಂದು ಸುಮಿತ್ರಾ ತಿಳಿಸಿದರು.

“ಈಜುವ ಮೀನು ಸಾಲದೆಂದು ಹಾರುವ ಮೀನೂ ಬೇಕಾಯಿತೇ?” ಎಂದ ರಾಯರು, ತಮಗೆ ಅನ್ನ ಸಿಗುವ ಒಂದು ದ್ವೀಪವನ್ನಾದರೂ ತೋರಿಸಬೇಕೆಂದು ಹಟ ಹಿಡಿದರು. ಸುಮಿತ್ರಾ ಬಹಳ ಯೋಚಿಸಿ ಅಓಗಾಶಿಮಾವನ್ನು ಸೂಚಿಸಿದರು. ಹಚಿಜೊಜಿಮದಿಂದಲೂ ಆಚೆ, ಜ್ವಾಲಾಮುಖಿಯ ಮೇಲೆಯೇ ಜನ ವಾಸಿಸುವ ಆ ಪುಟ್ಟ ದ್ವೀಪದಲ್ಲಿ ನೆಲದಿಂದ ಏಳುವ ಹಬೆಯಲ್ಲಿ ಗೆಣಸನ್ನು ಬೇಯಿಸಿಕೊಳ್ಳಬಹುದು. ಸಮುದ್ರದ ನೀರನ್ನು ಅದೇ ಹಬೆಯಲ್ಲಿ ಇಂಗಿಸಿ ತೆಗೆದ ಉಪ್ಪನ್ನು ಉದುರಿಸಿಕೊಳ್ಳಬಹುದು. ಗೆಣಸು ಮತ್ತು ಉಪ್ಪು ಏಕಾದಶಿಗೂ ಸಲ್ಲುತ್ತದೆಯೆಂದು ರಾಯರು ಒಪ್ಪಿದರು. ಹೆಲಿಕಾಪ್ಟರಿನಲ್ಲಿ ಒಂಬತ್ತೇ ಆಸನಗಳೆಂದು ತಿಳಿದಾಗ ಮಾತ್ರ, ನಾಗೇಶನ ಚೀಲವನ್ನು ಬಿಚ್ಚಿ ಪರೀಕ್ಷಿಸದೆ ತಾವು ಹತ್ತುವುದಿಲ್ಲವೆಂದು ಷರತ್ತು ಹಾಕಿದರು.

“ಒಂದೇ ಒಂದು ಕುಸಾಯಾ, ಪೊಟ್ಟಣದಲ್ಲಿ ಭದ್ರವಾಗಿ ಕಟ್ಟಿದ್ದು,” ಎಂದು ನಾಗೇಶ ಚೌಕಾಸಿಗಿಳಿದ.

“ಹಾಗಾದರೆ ನೀನು ಹಲಗೆಯ ಮೇಲೆ ಹುಟ್ಟು ಹಾಕುತ್ತ ಬಾ,” ಎಂದರು ರಾಯರು. “ಕೊರಿಯಾ ತಲುಪಿದೊಡನೆ ಕಾಗದ ಬರೆ.”