18 ಮೀಟರ್, ಒಂದು ಗೇಟ್‌ವೇ: ಕೆಲವು ಓದುತ್ತವೆ, ಕೆಲವು ಟೈಮ್‌ಔಟ್. ಅನುಭವ ಇದ್ದವರು ಹೇಳಿ

ಕೇಳಿದವರು:
ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದು ಚಿಕ್ಕ ಫೌಂಡ್ರಿ. 18 ಎನರ್ಜಿ ಮೀಟರ್‌ಗಳಿವೆ, ಎಲ್ಲದರಲ್ಲೂ ಆರ್‌ಎಸ್-485 ಪೋರ್ಟ್ (ಎರಡು ತಂತಿಯ ಮೇಲೆ ಡೇಟಾ ಕಳಿಸುವ ಸೀರಿಯಲ್ ಸಂಪರ್ಕ) ಇದೆ. ಅವನ್ನೆಲ್ಲ ಒಂದು ಈಥರ್ನೆಟ್-ಸೀರಿಯಲ್ ಗೇಟ್‌ವೇಗೆ (ಆ ಸಾಲನ್ನು ನೆಟ್‌ವರ್ಕ್‌ಗೆ ಜೋಡಿಸುವ ಡಬ್ಬಿ) ಸೇರಿಸಿ ಆಫೀಸಿನ ಸ್ಕಾಡಾದಲ್ಲಿ (ಯಂತ್ರಗಳ ಅಂಕಿ ತೋರಿಸುವ ಸಾಫ್ಟ್‌ವೇರ್) ನೋಡಬೇಕು. ಈಗ ಅರ್ಧಕ್ಕರ್ಧ ಮೀಟರ್ ಟೈಮ್‌ಔಟ್ (ಸಮಯದೊಳಗೆ ಉತ್ತರ ಇಲ್ಲ) ತೋರಿಸುತ್ತಿವೆ. ಇಂಡಕ್ಷನ್ ಫರ್ನೇಸ್ ಆನ್ ಆದರೆ ಓದುತ್ತಿದ್ದವೂ ನಿಲ್ಲುತ್ತವೆ. ಗೇಟ್‌ವೇ ಪಿಂಗ್ ಆಗುತ್ತದೆ (ನೆಟ್‌ವರ್ಕ್‌ನಲ್ಲಿ ಕರೆದರೆ ಓಗೊಡುತ್ತದೆ). ಗೇಟ್‌ವೇ ಕೊಟ್ಟವರು ದುಬಾರಿ ಮಾಡೆಲ್ ಹಾಕಿ ಅನ್ನುತ್ತಿದ್ದಾರೆ. ಹಾಕಲಾ?

ಪ್ಯಾನೆಲ್ ಕೆಲಸದವರು:
ದುಡ್ಡು ಹಾಕುವ ಮೊದಲು ತಂತಿ ನೋಡಿ ಸರ್. ಪಿಂಗ್ ಆಗುತ್ತದೆ ಅಂದರೆ ಈಥರ್ನೆಟ್ ಕಡೆ ಸರಿ ಇದೆ ಅಂತ ಅಷ್ಟೇ. 485 ಕಡೆ ಏನಾಗುತ್ತಿದೆ ಅಂತ ಪಿಂಗ್ ಹೇಳುವುದಿಲ್ಲ. ನಾನು ನೋಡಿದ ಇಂಥ ತೊಂದರೆಗಳಲ್ಲಿ ಬಹುಪಾಲು ಸ್ಕ್ರೂಡ್ರೈವರ್‌ನಲ್ಲೇ ಸರಿಹೋಗಿವೆ.

ಕೇಬಲ್ ಹೇಗೆ ಎಳೆದಿದ್ದಾರೆ ನೋಡಿ. 485 ಒಂದೇ ಸಾಲಾಗಿ, ಒಂದು ಮೀಟರಿಗೆ ಬಂದು ಅಲ್ಲಿಂದ ಮುಂದಿನದಕ್ಕೆ ಹೋಗಬೇಕು. ಲೈಟಿಂಗ್ ವೈರಿಂಗ್ ಮಾಡಿದ ಹುಡುಗರೇ ಇದನ್ನೂ ಮಾಡಿದ್ದರೆ ಜಂಕ್ಷನ್ ಬಾಕ್ಸಿನಿಂದ ನಾಲ್ಕೂ ಕಡೆ ಕವಲು ತೆಗೆದಿರುತ್ತಾರೆ. ಕವಲಿನ ತುದಿಗೆ ಹೋದ ಸಿಗ್ನಲ್ ತಿರುಗಿ ಬಂದು ಮುಂದಿನದರ ಮೇಲೆ ಬೀಳುತ್ತದೆ. 120 ಓಮ್ ಟರ್ಮಿನೇಟರ್ (ಸಿಗ್ನಲ್ ತಿರುಗಿ ಬರದಂತೆ ತಡೆಯುವ ರೆಸಿಸ್ಟರ್) ಸಾಲಿನ ಎರಡು ತುದಿಯಲ್ಲಿ ಮಾತ್ರ ಇರಬೇಕು. ಪರೀಕ್ಷೆ ಸುಲಭ: ಎಲ್ಲದರ ಪವರ್ ತೆಗೆದು 485ರ ಎರಡು ತಂತಿ, ಎ ಮತ್ತು ಬಿ ನಡುವೆ ಮಲ್ಟಿಮೀಟರ್ ಇಡಿ. ಸುಮಾರು 60 ಓಮ್ ಬಂದರೆ ಎರಡೂ ಇವೆ. 120ರ ಹತ್ತಿರ ಬಂದರೆ ಒಂದೇ ಇದೆ. 30–40ಕ್ಕೆ ಇಳಿದರೆ ಯಾರೋ ಮಧ್ಯದ ಮೀಟರಿನಲ್ಲೂ ಟರ್ಮಿನೇಟರ್ ಸ್ವಿಚ್ ಆನ್ ಮಾಡಿದ್ದಾರೆ.

ಎ, ಬಿ ಅನ್ನುವ ಗುರುತನ್ನು ನಂಬಬೇಡಿ. ಒಂದು ಕಂಪನಿಯ ಎ ಇನ್ನೊಂದರ ಬಿ ಆಗಿರುತ್ತದೆ. ಮೀಟರ್ ಉತ್ತರ ಕೊಡದಿದ್ದರೆ ಎರಡೂ ತಂತಿ ಅದಲುಬದಲು ಮಾಡಿ ನೋಡಿ, ಏನೂ ಸುಡುವುದಿಲ್ಲ.

ಫರ್ನೇಸ್ ವಿಷಯ ಬೇರೆ. ಅದರ ಪವರ್ ಕೇಬಲ್ ಇರುವ ಟ್ರೇನಲ್ಲೇ 485 ಕೇಬಲ್ ಓಡಿಸಿದ್ದರೆ ಯಾವ ಗೇಟ್‌ವೇ ಹಾಕಿದರೂ ಅಷ್ಟೇ. ಬೇರೆ ಪೈಪಿನಲ್ಲಿ ತನ್ನಿ. ದಾಟಲೇಬೇಕಾದ ಕಡೆ ಅಡ್ಡಲಾಗಿ ದಾಟಿಸಿ, ಜೊತೆಯಲ್ಲಿ ಓಡಿಸಬೇಡಿ. ತಿರುಚಿದ ಜೋಡಿ ತಂತಿಯ, ಶೀಲ್ಡ್ (ಲೋಹದ ಹೊದಿಕೆ) ಇರುವ ಕೇಬಲ್ ಬೇಕು, ಶೀಲ್ಡನ್ನು ಒಂದೇ ಕಡೆ ಅರ್ಥ್ ಮಾಡಿ. ಎರಡು ಪ್ಯಾನೆಲ್‌ಗಳ ಅರ್ಥ್ ನಡುವೆ ವೋಲ್ಟೇಜ್ ವ್ಯತ್ಯಾಸ ಇರುತ್ತದೆ. 485 ರಿಸೀವರ್ ತಡೆಯುವುದು ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗೆ ಮಾತ್ರ. ಆದ್ದರಿಂದ ಗೇಟ್‌ವೇಯ ಸೀರಿಯಲ್ ಪೋರ್ಟ್ ಐಸೊಲೇಟೆಡ್ (ಒಳಗಿನ ಸರ್ಕ್ಯೂಟಿನಿಂದ ವಿದ್ಯುತ್ ಸಂಪರ್ಕ ಇಲ್ಲದೆ ಬೇರೆ) ಆಗಿದೆಯಾ ನೋಡಿ. ದುಬಾರಿ ಮಾಡೆಲ್‌ಗೆ ದುಡ್ಡು ಕೊಡುವುದಾದರೆ ಇದೊಂದಕ್ಕೆ ಕೊಡಿ.

ಸ್ಕಾಡಾ ಮಾಡುವವರು:
ಮೇಲಿನವರು ಹೇಳಿದ್ದು ಸರಿ. ಆದರೆ ಟ್ರೇ ಬಿಚ್ಚುವ ಮೊದಲು ತಪ್ಪು ಯಾವ ಕಡೆ ಅಂತ ಖಚಿತ ಮಾಡಿಕೊಳ್ಳಿ. ಸ್ಕಾಡಾ ಬಿಟ್ಟು ಲ್ಯಾಪ್‌ಟಾಪಿನಿಂದ ಕ್ಯೂಮಾಡ್‌ಮಾಸ್ಟರ್ ಥರದ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದೊಂದೇ ಮೀಟರ್ ಕೇಳಿ. ಎಕ್ಸೆಪ್ಶನ್ ಕೋಡ್ (ತಪ್ಪು ಏನೆಂದು ಹೇಳುವ ಸಂಖ್ಯೆ) 11 ಬಂದರೆ (ಹೆಕ್ಸ್‌ನಲ್ಲಿ, ಅಂದರೆ 16ರ ಎಣಿಕೆಯಲ್ಲಿ, 0ಬಿ) ಗೇಟ್‌ವೇ ನಿಮ್ಮ ಪ್ರಶ್ನೆ ತಗೊಂಡಿದೆ, ಮೀಟರ್ ಉತ್ತರ ಕೊಟ್ಟಿಲ್ಲ ಅಂತ. ಆಗ ನೆಟ್‌ವರ್ಕ್ ಕಡೆ ತಲೆ ಕೆಡಿಸಿಕೊಳ್ಳಬೇಡಿ.

ಒಂದು ಮೀಟರೂ ಓದದಿದ್ದರೆ ಗೇಟ್‌ವೇಯ ಮೋಡ್ ನೋಡಿ ಅನ್ನುತ್ತಿದ್ದೆ. ಅಗ್ಗದ ಎಷ್ಟೋ ಡಬ್ಬಿಗಳು ನಿಜವಾದ ಗೇಟ್‌ವೇ ಅಲ್ಲ, ಬಂದ ಬೈಟ್‌ಗಳನ್ನು ಹಾಗೇ ಆಚೆ ದಾಟಿಸುತ್ತವೆ. ಮಾಡ್‌ಬಸ್ ಅಂದರೆ ಈ ಮೀಟರ್‌ಗಳು ಮಾತಾಡುವ ಭಾಷೆ. ನೆಟ್‌ವರ್ಕ್ ಮೇಲಿನ ಅದರ ರೂಪವಾದ ಮಾಡ್‌ಬಸ್ ಟಿಸಿಪಿಯಲ್ಲಿ ಮುಂದೆ 7 ಬೈಟಿನ ಹೆಡರ್ ಇರುತ್ತದೆ, ಮೀಟರ್ ಬಯಸುವ ಸಿಆರ್‌ಸಿ (ತಪ್ಪು ಹಿಡಿಯುವ ಬೈಟ್‌ಗಳು) ಇರುವುದಿಲ್ಲ. ಅದು ಹಾಗೇ ಮೀಟರಿಗೆ ಹೋದರೆ ಮೀಟರ್ ಸುಮ್ನೆ ಕೂರುತ್ತದೆ. ನಿಮ್ಮಲ್ಲಿ ಕೆಲವು ಓದುತ್ತಿವೆ, ಹಾಗಾಗಿ ಮೋಡ್ ಸರಿ. ಉಳಿದವುಗಳ ಬಾಡ್ ರೇಟ್ (ಡೇಟಾ ವೇಗ), ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್), ಐಡಿ (ಸಾಲಿನಲ್ಲಿ ಮೀಟರಿನ ಸಂಖ್ಯೆ) ನೋಡಿ. ಹೊಸ ಮೀಟರ್‌ಗಳು ಸಾಮಾನ್ಯವಾಗಿ ಐಡಿ 1 ಇಟ್ಟುಕೊಂಡೇ ಬರುತ್ತವೆ. ಒಂದೇ ಐಡಿ ಎರಡಕ್ಕಿದ್ದರೆ ಎರಡೂ ಒಟ್ಟಿಗೆ ಮಾತಾಡಿ ಸಾಲು ಕೆಡಿಸುತ್ತವೆ.

ಇನ್ನು ಟೈಮ್‌ಔಟ್. 9600 ವೇಗದಲ್ಲಿ, 11 ಬಿಟ್ ಲೆಕ್ಕದಲ್ಲಿ, ಒಂದು ಬೈಟಿಗೆ ಸುಮಾರು 1.15 ಮಿಲಿಸೆಕೆಂಡ್. 100 ರಿಜಿಸ್ಟರ್ (ಮೀಟರಿನೊಳಗೆ ಅಂಕಿ ಇಡುವ ಎರಡು ಬೈಟಿನ ಜಾಗ) ಕೇಳಿದರೆ 205 ಬೈಟಿನ ಉತ್ತರ, ಅದಕ್ಕೇ ಸುಮಾರು 235 ಮಿಲಿಸೆಕೆಂಡ್. ಸೀರಿಯಲ್ ಸಾಲಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಸ್ಕಾಡಾ ಜೊತೆ ಇನ್ನೊಂದು ಸಾಫ್ಟ್‌ವೇರೂ ಕೇಳುತ್ತಿದ್ದರೆ ಪ್ರಶ್ನೆಗಳು ಗೇಟ್‌ವೇಯಲ್ಲಿ ಕ್ಯೂ ನಿಲ್ಲುತ್ತವೆ, ನಮ್ಮ ರೇಷನ್ ಅಂಗಡಿ ಥರ. ಸ್ಕಾಡಾದ ಟೈಮ್‌ಔಟ್ ಯಾವಾಗಲೂ ಗೇಟ್‌ವೇಯದಕ್ಕಿಂತ ಜಾಸ್ತಿ ಇಡಿ. ನಾನು ಗೇಟ್‌ವೇಯಲ್ಲಿ 500 ಮಿಲಿಸೆಕೆಂಡ್, ಒಂದು ರಿಟ್ರೈ, ಸ್ಕಾಡಾದಲ್ಲಿ 3 ಸೆಕೆಂಡ್‌ನಿಂದ ಶುರು ಮಾಡುತ್ತೇನೆ. ಆಫ್ ಆದ ಮೀಟರನ್ನು ಪಟ್ಟಿಯಿಂದ ತೆಗೆಯಿರಿ, ಇಲ್ಲದಿದ್ದರೆ ಅದೊಂದಕ್ಕಾಗಿ ಉಳಿದವೆಲ್ಲ ಕಾಯುತ್ತವೆ.

ಕೇಳಿದವರು:
ಬಹಳ ಉಪಕಾರ. ಕೋಡ್ 11 ಬಂತು. ಜಂಕ್ಷನ್ ಬಾಕ್ಸಿನಿಂದ ಮೂರು ಕವಲು ಇದ್ದವು, ಎರಡು ಮೀಟರಿಗೆ ಒಂದೇ ಐಡಿ ಇತ್ತು. ಸರಿಮಾಡಿ, ಕೇಬಲ್ ಬೇರೆ ಪೈಪಿಗೆ ಹಾಕಿದ ಮೇಲೆ ಫರ್ನೇಸ್ ಓಡುವಾಗಲೂ 18 ಮೀಟರ್ ಬರುತ್ತಿವೆ. ಆದರೆ ಒಂದು ಕಂಪನಿಯ ಮೀಟರ್‌ಗಳಲ್ಲಿ ವೋಲ್ಟೇಜ್ ಜಾಗದಲ್ಲಿ 24 ಅಂಕಿಯ ಸಂಖ್ಯೆ! ಇನ್ನೊಂದು: ಮಾಲೀಕರು ಮನೆಯಿಂದ ನೋಡಬೇಕಂತೆ. ರೂಟರಿನಲ್ಲಿ ಮಾಡ್‌ಬಸ್‌ನ 502 ಪೋರ್ಟ್ ತೆರೆದರೆ ಆಯ್ತಲ್ವಾ?

ಸ್ಕಾಡಾ ಮಾಡುವವರು:
ಫ್ಲೋಟ್‌ನ (ದಶಮಾಂಶ ಸಂಖ್ಯೆಯ) ಎರಡು ರಿಜಿಸ್ಟರ್ ಹಿಂದುಮುಂದಾಗಿವೆ. 231.4 ವೋಲ್ಟ್ ಅಂದರೆ ಹೆಕ್ಸ್‌ನಲ್ಲಿ 4367, 6666. ತಿರುಗಿಸಿ ಓದಿದರೆ ಅಷ್ಟುದ್ದದ ಸಂಖ್ಯೆಯೇ ಬರುತ್ತದೆ. ಸ್ಕಾಡಾದಲ್ಲಿ ವರ್ಡ್ ಸ್ವಾಪ್ (ಎರಡನ್ನೂ ಅದಲುಬದಲು ಮಾಡುವ ಸೆಟ್ಟಿಂಗ್) ಹಾಕಿ. ಆಮೇಲೂ ತಪ್ಪಿದ್ದರೆ ರಿಜಿಸ್ಟರ್ ವಿಳಾಸ ಒಂದು ಹಿಂದೆಮುಂದೆ ಮಾಡಿ ನೋಡಿ. ಮ್ಯಾನುವಲ್‌ನ 40001 ಅನ್ನುವುದು ತಂತಿಯ ಮೇಲೆ 0.

ವಾಟರ್ ಪ್ಲಾಂಟ್‌ನವರು:
502 ದಯವಿಟ್ಟು ತೆರೆಯಬೇಡಿ. ಮಾಡ್‌ಬಸ್‌ಗೆ ಪಾಸ್‌ವರ್ಡ್ ಅನ್ನುವುದೇ ಇಲ್ಲ, 1979ರಲ್ಲಿ ಮಾಡಿದ್ದು. ಯಾರು ಬಂದರೂ ಓದಬಹುದು, ಬರೆಯಲೂಬಹುದು. ಮೀಟರ್ ತಾನೇ ಅನ್ನಬೇಡಿ, ನಾಳೆ ಅದೇ ಸಾಲಿಗೆ ಡ್ರೈವ್ (ಮೋಟಾರ್ ನಡೆಸುವ ಸಾಧನ) ಸೇರಿಸುತ್ತೀರಿ. 2015ರ ಡಿಸೆಂಬರ್ 23ರಂದು ಉಕ್ರೇನ್‌ನ ವಿದ್ಯುತ್ ಕಂಪನಿಗಳ ಮೇಲೆ ಸೈಬರ್ ದಾಳಿ ಆಯಿತು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ಅಲ್ಲಿ ದಾಳಿಕೋರರು ಸಬ್‌ಸ್ಟೇಷನ್‌ಗಳ ಈಥರ್ನೆಟ್-ಸೀರಿಯಲ್ ಕನ್ವರ್ಟರ್‌ಗಳ ಫರ್ಮ್‌ವೇರನ್ನೇ (ಒಳಗಿನ ಸಾಫ್ಟ್‌ವೇರ್) ಹಾಳುಮಾಡಿದ್ದರು. ದೂರದಿಂದ ಬ್ರೇಕರ್ ಹಾಕಲಾಗದೆ ಸಿಬ್ಬಂದಿ ಸಬ್‌ಸ್ಟೇಷನ್‌ಗೇ ಹೋಗಿ ಕೈಯಿಂದ ಹಾಕಬೇಕಾಯಿತು.

ಮಾಲೀಕರಿಗೆ ವಿಪಿಎನ್ (ಇಂಟರ್ನೆಟ್ ಮೇಲೆ ಖಾಸಗಿ ಸಂಪರ್ಕ) ಮಾಡಿಕೊಡಿ, ಸ್ಕಾಡಾದ ಪರದೆ ಮಾತ್ರ ತೋರಿಸಿ. ಗೇಟ್‌ವೇಯ ಡೀಫಾಲ್ಟ್ ಪಾಸ್‌ವರ್ಡ್ ಇವತ್ತೇ ಬದಲಿಸಿ. ಕಾನ್ಫಿಗರೇಶನ್ ಫೈಲ್ ಇಳಿಸಿಕೊಂಡು, ಮೀಟರ್ ಐಡಿ ಪಟ್ಟಿಯ ಜೊತೆ ಅದರ ಒಂದು ಪ್ರತಿಯನ್ನು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ.