ಪೋರ್ಚುಗಲ್ಲಾ, ಮೈಸೂರಾ? ಮೊದಲು ತಿಂಗಳು ಎಣಿಸಿ

ಎಲ್ಲರಿಗೂ ನಮಸ್ಕಾರ. ರಾಜ್ಯೋತ್ಸವದ ಊಟದ ದಿನ ಬಿಸಿಬೇಳೆಬಾತ್ ಸಾಲಿನಲ್ಲಿ ನಿಂತಿದ್ದಾಗ ಒಬ್ಬರು ಕೇಳಿದರು, "ಏನ್ರೀ, ಪೋರ್ಚುಗಲ್‌ಗೆ ಹೋಗ್ತೀರಂತೆ, ನಿಜಾನಾ? ನಾವೂ ಯೋಚನೆ ಮಾಡ್ತಿದ್ದೀವಿ." ಹಿಂದೆ ಜನ ಕಾಯುತ್ತಿದ್ದರು. "ಸದ್ಯಕ್ಕೆ ಇಲ್ಲ" ಅಂದು ತಟ್ಟೆ ಹಿಡಿದು ಮುಂದೆ ಹೋದೆ. ಆಮೇಲೆ ಇನ್ನಿಬ್ಬರು ಕೇಳಿದರು. ಅದಕ್ಕೇ ಇಲ್ಲಿ ಬರೆದುಬಿಡುತ್ತೇನೆ.

ನಾವು ಇಂಗ್ಲೆಂಡಿಗೆ ಬಂದು 21 ವರ್ಷ. ನಮ್ಮನೆಯವರಿಗೆ 58, ಕೆಲಸ ಸಾಕಾಗಿದೆ. ಮಗಳಿಗೆ 13. ನಮ್ಮ ಯೋಜನೆ ಇಷ್ಟು: ಇಲ್ಲಿನ ಮನೆ ಬಾಡಿಗೆಗೆ ಕೊಡುವುದು, ವರ್ಷದಲ್ಲಿ ಆರು ತಿಂಗಳು ಮೈಸೂರಿನಲ್ಲಿ ಅತ್ತೆಯ ಜೊತೆ, ಇನ್ನಾರು ತಿಂಗಳು ಪೋರ್ಚುಗಲ್ಲಿನ ಬಿಸಿಲಲ್ಲಿ ಇರುವುದು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ?

ಬ್ರೆಕ್ಸಿಟ್ ಆದಮೇಲೆ ನಮ್ಮ ಬ್ರಿಟಿಷ್ ಪಾಸ್‌ಪೋರ್ಟ್ ತೋರಿಸಿದರೆ 180 ದಿನಕ್ಕೆ 90 ದಿನ ಇರಬಹುದು, ಅಷ್ಟೇ. ಅಲ್ಲೇ ನೆಲೆಸಬೇಕು ಅಂದರೆ ನಿವೃತ್ತರು ಹಿಡಿಯುವ ದಾರಿ ಡಿ7 ವೀಸಾ. ಅದಕ್ಕೆ ಬೇಕಾದ ಆದಾಯ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಅಲ್ಲಿನ ಕನಿಷ್ಠ ಸಂಬಳವೇ ಅಳತೆ. 2025ರಲ್ಲಿ ಅದು ತಿಂಗಳಿಗೆ 870 ಯೂರೋ. ಜೊತೆಗಿರುವ ಗಂಡ ಅಥವಾ ಹೆಂಡತಿಗೆ ಅದರ ಅರ್ಧ, ಮಗುವಿಗೆ ಶೇಕಡಾ 30. ನಮ್ಮ ಮೂವರಿಗೆ 1,566 ಯೂರೋ ಆಯಿತು. ಬಾಡಿಗೆ, ಪಿಂಚಣಿ, ಬಡ್ಡಿ, ಹೀಗೆ ಕೂತಲ್ಲಿಗೆ ಬರುವ ದುಡ್ಡಾಗಿರಬೇಕು. ನಮ್ಮನೆಯವರು ಅದೇ ದಿನ ಎಕ್ಸೆಲ್ ತೆರೆದು ಕೂತರು.

ಎಡವಿದ್ದು ದುಡ್ಡಿನಲ್ಲಲ್ಲ, ತಿಂಗಳಿನಲ್ಲಿ. ವಾಸದ ಪರವಾನಗಿ ಮೊದಲ ಸಲ ಎರಡು ವರ್ಷಕ್ಕೆ ಕೊಡುತ್ತಾರೆ, ಆಮೇಲೆ ಮೂರು ವರ್ಷಕ್ಕೆ. ಪರವಾನಗಿ ನಡೆಯುವಷ್ಟು ಕಾಲದಲ್ಲಿ ಒಂದೇ ಸಮನೆ ಆರು ತಿಂಗಳು, ಅಥವಾ ಬಿಟ್ಟು ಬಿಟ್ಟು ಎಲ್ಲಾ ಸೇರಿ ಎಂಟು ತಿಂಗಳು ದೇಶದ ಹೊರಗಿದ್ದರೆ ಅದು ರದ್ದಾಗಬಹುದು. ತಕ್ಕ ಕಾರಣ ತೋರಿಸಿದರೆ ವಿನಾಯಿತಿ ಉಂಟು, ನಿಜ. ಆದರೆ ಪ್ರತಿ ವರ್ಷ ಅತ್ತೆಯ ಮೊಣಕಾಲನ್ನು ಕಾರಣ ತೋರಿಸುತ್ತಾ ಕೂರಲು ಆಗುತ್ತದಾ? ನಮ್ಮ ಯೋಜನೆಯಲ್ಲಿ ಮೈಸೂರಿಗೆ ಎರಡು ವರ್ಷದಲ್ಲಿ 12 ತಿಂಗಳು ಬೇಕು. ಕಾನೂನು ಕೊಡುವುದು ಎಂಟರೊಳಗೆ. ಎಕ್ಸೆಲ್ ಅಲ್ಲಿಗೇ ಮುಚ್ಚಿತು.

ತೆರಿಗೆಯ ಬಗ್ಗೆ ಒಂದೇ ಮಾತು. ವಿದೇಶಿ ಪಿಂಚಣಿಗೆ ಶೇಕಡಾ 10 ಮಾತ್ರ ಅಂತ ಹೇಳುವ ಹಳೇ ವಿಡಿಯೋಗಳನ್ನು ದಯವಿಟ್ಟು ಕಳಿಸಬೇಡಿ. ಆ ಯೋಜನೆಯನ್ನು 2024ರಿಂದ ಹೊಸಬರಿಗೆ ಮುಚ್ಚಿದ್ದಾರೆ. ಇಂಗ್ಲೆಂಡಿನಲ್ಲಿ ತೆರಿಗೆ ಇಲ್ಲದ ನಮ್ಮ ಐಸಾ ಉಳಿತಾಯ ಖಾತೆಯ ಬಡ್ಡಿಗೂ ಅಲ್ಲಿ ವಿನಾಯಿತಿ ಇಲ್ಲ.

ಆದರೂ ಹೋಗಿ ನೋಡೋಣ ಅಂತ ಒಂದು ಜನವರಿಯಲ್ಲಿ ಕೊಯಿಂಬ್ರಾದಲ್ಲಿ ಐದು ವಾರ ಮನೆ ಹಿಡಿದೆವು. ಮಗಳು ಅಕ್ಕನ ಮನೆಯಲ್ಲಿದ್ದಳು. ಮೊಂಡೆಗೊ ನದಿ, ಗುಡ್ಡದ ಮೇಲೆ 1290ರಲ್ಲಿ ಶುರುವಾದ ವಿಶ್ವವಿದ್ಯಾಲಯ, ಇಳಿಜಾರಿನ ಕಲ್ಲುಬೀದಿ. ಊರು ನಿಜಕ್ಕೂ ಚಂದ. ಮನೆಯೊಳಗೆ ಮಾತ್ರ ನಡುಕ. ಹೊರಗೆ ಬಿಸಿಲಿದ್ದಾಗ ಶರ್ಟಿನಲ್ಲಿ ಓಡಾಡಬಹುದು, ಬಾಗಿಲು ತೆಗೆದು ಒಳಗೆ ಬಂದರೆ ಸ್ವೆಟರ್ ಹುಡುಕಬೇಕು. ಅಲ್ಲಿ ಎಷ್ಟೋ ಹಳೇ ಮನೆಗಳಿಗೆ ನಮ್ಮ ಇಂಗ್ಲೆಂಡಿನ ಮನೆಗಳ ಹಾಗೆ ರೇಡಿಯೇಟರ್ ಇಲ್ಲ. ಗೋಡೆ ತಣ್ಣಗೆ, ನೆಲದ ಟೈಲ್ಸ್ ಅದಕ್ಕಿಂತ ತಣ್ಣಗೆ. ನಮ್ಮನೆಯವರು ಮಂಕಿ ಕ್ಯಾಪ್ ಹಾಕಿಕೊಂಡು ಮಲಗುತ್ತಿದ್ದರು. ಒಗೆದ ಟವೆಲ್ ಮೂರು ದಿನವಾದರೂ ಒಣಗಲಿಲ್ಲ. ಎರಡನೇ ವಾರ ಕಪಾಟು ಸ್ವಲ್ಪ ಸರಿಸಿ ನೋಡಿದರೆ ಹಿಂದಿನ ಗೋಡೆ ತುಂಬಾ ಕಪ್ಪು ಬೂಸಲು.

ಮನೆಯೊಡತಿಗೆ ಎಪ್ಪತ್ತರ ಹತ್ತಿರ. ಅವರಿಗೆ ಇಂಗ್ಲಿಷ್ ಬರದು, ನಮಗೆ ಪೋರ್ಚುಗೀಸ್ ಬರದು. ಗೋಡೆ ತೋರಿಸಿದೆ. ಹೊಸದೇನೂ ಅಲ್ಲ ಅನ್ನುವ ಹಾಗೆ ತಲೆಯಾಡಿಸಿ, ಗಾಳಿಯ ತೇವ ಹೀರುವ ಯಂತ್ರವೊಂದನ್ನು ಎಳೆದು ತಂದರು. ಬೆಳಿಗ್ಗೆ ಅದರ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಚೆಲ್ಲಬೇಕು ಅಂತ ಕೈಸನ್ನೆ. "ಬಾಲ್ದ್, ಬಾಲ್ದ್" ಅಂದರು. ನನಗೆ ನಗು ಬಂತು. ನಮ್ಮ ಕಡೆ ಬಾಲ್ದಿ ಅಂದರೆ ಬಕೆಟ್. ಪುತ್ತೂರಿನಲ್ಲಿ ನಮ್ಮಜ್ಜಿ ಬಾವಿಕಟ್ಟೆಯಲ್ಲಿ ನಿಂತು "ಆ ಬಾಲ್ದಿ ತಾ" ಅಂತ ಕೂಗುತ್ತಿದ್ದದ್ದು ಇವರ ಮಾತು! ಬಟಾಟೆಯೂ (ಆಲೂಗಡ್ಡೆ) ಅಷ್ಟೇ, ಮಾರ್ಕೆಟ್ಟಿನಲ್ಲಿ ಬಟಾಟ ಅಂತ ಕೇಳಿದೆ, ಕೊಟ್ಟರು. ಆ ದಿನದಿಂದ ನಾನೂ ಮನೆಯೊಡತಿಯೂ ಸ್ನೇಹಿತರು. ಬಾಲ್ದಿಯಲ್ಲಿ ಮಾತ್ರ ದಿನಾ ಬೆಳಿಗ್ಗೆ ಎರಡು ಲೀಟರಿನಷ್ಟು ನೀರು.

ಬೇಸಿಗೆ ರಜೆಯಲ್ಲಿ ಹತ್ತು ದಿನ ಹೋಗಿ ಬಂದು ನಿರ್ಧಾರ ಮಾಡುವವರಿಗೆ ಈ ಗೋಡೆ ಕಾಣುವುದಿಲ್ಲ. ಮನೆ ಹುಡುಕುವುದಿದ್ದರೆ ಜನವರಿಯಲ್ಲೇ ಹೋಗಿ, ಕಪಾಟಿನ ಹಿಂದೆ ಇಣುಕಿ.

ಮಗಳ ವಿಷಯ ಇನ್ನೂ ಬಿಗಿ. ಅಲ್ಲಿ 18 ವರ್ಷದವರೆಗೆ ಶಾಲೆ ಕಡ್ಡಾಯ. ಸರ್ಕಾರಿ ಶಾಲೆಯಲ್ಲಿ ಹೊರಗಿನಿಂದ ಬಂದ ಮಕ್ಕಳಿಗೆ ಪೋರ್ಚುಗೀಸನ್ನು ಬೇರೆಯಾಗಿಯೇ ಕಲಿಸುವ ವ್ಯವಸ್ಥೆಯಿದೆ. ಆರು ವರ್ಷದ ಮಗುವಾಗಿದ್ದರೆ ನಾನು ಎರಡು ಮಾತಿಲ್ಲದೆ ಹೋಗುತ್ತಿದ್ದೆ. 13ಕ್ಕೆ ಹೊಸ ಭಾಷೆಯಲ್ಲಿ ವಿಜ್ಞಾನ, ಚರಿತ್ರೆ ಓದುವುದು ಅಂದರೆ ಕಷ್ಟ. ಇಂಟರ್‌ನ್ಯಾಷನಲ್ ಶಾಲೆಯ ಫೀಸು ಕಟ್ಟಿದರೆ ಅಗ್ಗದ ದೇಶ ಅನ್ನುವ ಮಾತೇ ಉಳಿಯುವುದಿಲ್ಲ. ಇನ್ನೊಂದು ವಿಷಯ ನಮಗೆ ಗೊತ್ತೇ ಇರಲಿಲ್ಲ. ಇಂಗ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಇಲ್ಲಿಯವರ ಫೀಸು, ಅಂದರೆ 2025-26ರಲ್ಲಿ 9,535 ಪೌಂಡ್, ಸಿಗಬೇಕಾದರೆ ಪಾಸ್‌ಪೋರ್ಟ್ ಒಂದೇ ಸಾಲದು. ಕೋರ್ಸಿನ ಹಿಂದಿನ ಮೂರು ವರ್ಷ ಇಲ್ಲೇ ನೆಲೆಸಿರಬೇಕು. ಈಗ ಹೋಗಿ ಅವಳು 18ಕ್ಕೆ ವಾಪಸ್ ಬಂದರೆ ಹೊರದೇಶದವರ ಫೀಸು ಕೇಳುವ ಸಾಧ್ಯತೆಯೇ ಹೆಚ್ಚು. ಊಟದ ಮೇಜಿನಲ್ಲಿ ಇದನ್ನು ಹೇಳಿದಾಗ ಅವಳು, "ಅಮ್ಮಾ, ನನ್ನನ್ನು ಮೊದಲೇ ಕೇಳಬಹುದಿತ್ತಲ್ವಾ?" ಅಂದಳು. ಕೇಳಬೇಕಿತ್ತು.

ಹಾಗಾದರೆ ಸುಮ್ನೆ ಮೈಸೂರಿಗೇ ಹೋಗಬಾರದಾ ಅಂತ ಅತ್ತೆ. ಅದರಲ್ಲೂ ಒಂದು ಕೊಕ್ಕೆ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಪೋರ್ಚುಗಲ್ಲಿನಲ್ಲಿದ್ದರೆ ಪ್ರತಿ ವರ್ಷ ಏರುತ್ತದೆ, ಭಾರತದಲ್ಲಿದ್ದರೆ ಏರುವುದಿಲ್ಲ. 2025ರ ಪೂರ್ತಿ ಪಿಂಚಣಿ ವಾರಕ್ಕೆ 230.25 ಪೌಂಡ್. ಆ ಮೊತ್ತದಿಂದ ಪಿಂಚಣಿ ಶುರುವಾದವರು ಊರಿಗೆ ಹೋಗಿ ನೆಲೆಸಿದರೆ 85ನೇ ವಯಸ್ಸಿನಲ್ಲೂ ಅದೇ 230.25. ಜೊತೆಗೆ, ಪಿಂಚಣಿ ಶುರುವಾದ ಮೇಲೆ ಎಸ್1 ಫಾರ್ಮ್ ತೆಗೆದುಕೊಂಡು ಪೋರ್ಚುಗಲ್ಲಿಗೆ ಹೋದರೆ ಅಲ್ಲಿನ ಸರ್ಕಾರಿ ಆಸ್ಪತ್ರೆಯ ಖರ್ಚು ಬ್ರಿಟನ್ ನೋಡಿಕೊಳ್ಳುತ್ತದೆ. ನಮ್ಮನೆಯವರಿಗೆ ಪಿಂಚಣಿ ಬರುವುದು 67ಕ್ಕೆ. ಇನ್ನೂ ಒಂಬತ್ತು ವರ್ಷ.

ಹಾಗಾಗಿ ಮಗಳ ಶಾಲೆ ಮುಗಿಯುವವರೆಗೆ ಇಲ್ಲೇ ಇರುತ್ತೇವೆ. ಅತ್ತೆಗೆ ನಾವು ಬೇಕಿರುವಷ್ಟು ದಿನ ಮೈಸೂರಿಗೆ ಓಡಾಡುತ್ತಿರುತ್ತೇವೆ. ಪೋರ್ಚುಗಲ್ ಆಮೇಲೆ. ನಡುನಡುವೆ ಆ 90 ದಿನದೊಳಗೆ ಹೋಗಿ ಬರಲು ವೀಸಾ ಬೇಡ. ಬರುವ ಫೆಬ್ರವರಿಯಲ್ಲಿ ಮೂರು ವಾರ ಹೋಗುತ್ತಿದ್ದೇವೆ, ಈ ಸಲ ದಕ್ಷಿಣದ ತವೀರಾಕ್ಕೆ. ನಿಮ್ಮಲ್ಲಿ ಯಾರಾದರೂ ಸ್ಪೇನ್ ಕಡೆ ಚಳಿಗಾಲ ಕಳೆದಿದ್ದರೆ ಹೇಳಿ, ಅಲ್ಲಿನ ಮನೆಗಳಲ್ಲೂ ದಿನಾ ಬಾಲ್ದಿ ಖಾಲಿ ಮಾಡಬೇಕಾ?